ಖತೀಜಾಬಿಯ ಲಾಭದ ಸುತ್ತು

ಭಾನುವಾರ, ಬೆಳಗಿನ ಐದೂಕಾಲು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಇನ್ನೂ ಮಿನುಗುತ್ತಿವೆ. ಕೆಳಗೆ ಕಾಲೇಜಿನ ಮೈದಾನದಲ್ಲಿ ಒಬ್ಬ ಹೆಣ್ಣುಮಗಳು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದಾರೆ. ಮಸೀದಿಯ ಬಾಂಗು ಮುಗಿದು ಗುಡಿಯ ಗಂಟೆ ಶುರುವಾಗುವಷ್ಟರಲ್ಲಿ ಮೈದಾನದ ಸುತ್ತ ಬಿಳಿಯ ಗೆರೆ ಕೂಡಿಕೊಂಡಿದೆ. ಎಲ್ಲಿಯೂ ಸೊಟ್ಟಗಾಗಿಲ್ಲ.

"ಮುಂದ ನೋಡಿ ನಡದ್ರ ಗೆರಿ ಕೈ ಬಿಟ್ಟು ಹೊಕ್ಕೈತ್ರಿ," ಎನ್ನುತ್ತಾರೆ ಖತೀಜಾಬಿ. "ಹಾಕಿದ ಗೆರಿ ಮ್ಯಾಲ ಕಣ್ಣಿಟ್ಟು ಹಿಂದ ಸರೀಬೇಕು. ಭಾಳ ಮಂದಿಗೆ ಇದು ತಿಳಿಯಂಗಿಲ್ಲ."

ಐವತ್ತಾರರ ಖತೀಜಾಬಿ ಈ ಕಾಲೇಜಿನಲ್ಲಿ ಕಸ ಗುಡಿಸುವವರು. ಇಪ್ಪತ್ತಾರು ವರ್ಷದಿಂದ ಹದಿನಾಲ್ಕು ಕೋಣೆ, ಎರಡು ಪಡಸಾಲೆ, ಒಂದು ಮೈದಾನ ಅವರ ಕಸಬರಿಗೆಗೆ ಗೊತ್ತು. ಆದರೆ ಪೊರಕೆ ಹಿಡಿಯುವ ಮುನ್ನಿನ ಎರಡು ಗಂಟೆ ಅವರ ಕೈಯಲ್ಲಿರುವುದು ಬೇರೆ ಸಾಮಾನು: ಐವತ್ತು ಮೀಟರಿನ ಅಳತೆ ಟೇಪು, ಒಂದು ಸೀಟಿ, ನಿಲ್ಲಿಸುವ ಗಡಿಯಾರ, ರಟ್ಟು ಹರಿದ ಉದ್ದನೆಯ ವಹಿ. ಓಟ, ನೆಗೆತ, ನೌಕರಿಯ ಪರೀಕ್ಷೆ ಎಂದು ಹಂಬಲಿಸುವ ಸುತ್ತಲಿನ ಹುಡುಗಿಯರ ಮೈಯ ತಾಕತ್ತನ್ನು ಅಳೆದು ಹೇಳುವವರು ಇವರೇ. ವಾರದ ದಿನ ರಾಜೂರಿನವರು, ಊರಿನವರು ಬರುತ್ತಾರೆ. ಭಾನುವಾರ ಮೊದಲ ಬಸ್ಸಿಗೆ ರೋಣದಿಂದಲೂ, ಶನಿವಾರವೇ ಬಂಧುಗಳ ಮನೆಗೆ ಬಂದುಳಿದು ನರಗುಂದದಿಂದಲೂ ಬರುವವರಿದ್ದಾರೆ. ಎಲ್ಲರಿಗೂ ಇವರು ಚಾಚಿ.

ಇವತ್ತು ಹದಿನೆಂಟು ಮಂದಿ ಸೇರಿದ್ದಾರೆ. ಹದಿನೇಳು ಮಂದಿಯ ಕಣ್ಣೂ ಒಬ್ಬಳ ಮೇಲೆ. ಲಕ್ಕಲಕಟ್ಟಿಯ ಶೈಲಶ್ರೀ ಪೊಲೀಸ್ ನೇಮಕಾತಿಯ ಬರಹದ ಪರೀಕ್ಷೆ ಪಾಸಾಗಿದ್ದಾಳೆ. ಗುರುವಾರ ಗದಗಿನಲ್ಲಿ ಮೈಯ ಪರೀಕ್ಷೆ. ಉದ್ದನೆಯ ನೆಗೆತ, ಗುಂಡಿನ ಎಸೆತ ಅವಳಿಗೆ ಚಿಂತೆಯಿಲ್ಲ. ನಾಲ್ಕುನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು, ಅದೊಂದೇ ಗಂಟಲಲ್ಲಿ ಸಿಕ್ಕಿದ ಮುಳ್ಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತದೆ. ಆರು ತಿಂಗಳಿಂದ ಓಡುತ್ತಿದ್ದಾಳೆ, ಒಮ್ಮೆಯೂ ಈ ಮೈದಾನದಲ್ಲಿ ಎರಡು ನಿಮಿಷದೊಳಗೆ ಬಂದಿಲ್ಲ.

ಚಾಚಿ ಸೀಟಿ ಊದುತ್ತಾರೆ. ಇಲ್ಲಿ ಸುತ್ತಿನ ಲೆಕ್ಕ ಚಾಚಿಯದು, ಓಡುವವರದಲ್ಲ, ಮತ್ತೆ ಸೀಟಿ ಕೇಳುವ ತನಕ ಓಡುವುದು. ಖತೀಜಾಬಿ ಗಡಿಯಾರದ ಮೇಲೆ ಕಣ್ಣಿಟ್ಟು, ಪ್ರತಿ ಸುತ್ತಿಗೂ ತುಟಿಯಲ್ಲೇ ಏನೋ ಎಣಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಶೈಲಶ್ರೀಯ ಮೊಣಕಾಲು ಮೇಲೇಳುವುದಿಲ್ಲ, ಆದರೂ ಬಿಡುವುದಿಲ್ಲ. ಸೀಟಿ. ಎರಡು ನಿಮಿಷ ಹನ್ನೆರಡು ಸೆಕೆಂಡು.

ಖತೀಜಾಬಿ ವಹಿ ತೆಗೆದು ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಮಾತು ಬರೆಯುತ್ತಾರೆ: ಸಾಲದು. ಶೈಲಶ್ರೀ ಅದನ್ನು ನೋಡುತ್ತಾಳೆ. ನೀರು ಕುಡಿದು ಚೀಲ ಹೆಗಲಿಗೆ ಹಾಕಿಕೊಂಡು, "ಗುರುವಾರ ಗದಗಿಗೆ ಹೋಗಿ ಅಷ್ಟ ಮಂದಿ ಮುಂದ ಯಾಕ ನಗಿಗೇಡು ಚಾಚಿ. ನಾ ಒಲ್ಲೆ," ಎಂದಷ್ಟೇ ಹೇಳಿ ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾಳೆ. ಚಾಚಿ ಕರೆಯುವುದಿಲ್ಲ. ಅಳತೆಯಲ್ಲಿ ಮುಲಾಜು ಸೇರಬಾರದೆಂಬುದು ಅವರ ನೇಮ.

ಈ ನೇಮ ಬಂದದ್ದು ಈಶಪ್ಪ ಮಾಸ್ತರರಿಂದ. ಅವರು ಇಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು. ಮದುವೆಯಾಗಿ ಒಂಬತ್ತೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಖತೀಜಾಬಿ ಕೆಲಸಕ್ಕೆ ಸೇರಿದಾಗ, ಟೇಪಿನ ಇನ್ನೊಂದು ತುದಿ ಹಿಡಿಯಲು ಮಾಸ್ತರರಿಗೆ ಯಾರಾದರೂ ಬೇಕಿತ್ತು. ಹದಿನೈದು ವರ್ಷ ಆ ತುದಿ ಹಿಡಿದೇ ಅವರು ಕಲಿತರು. ಮಾಸ್ತರರು ನಿವೃತ್ತರಾಗಿ ಧಾರವಾಡಕ್ಕೆ ಹೋಗುವಾಗ ವಹಿ, ಸೀಟಿ, ಗಡಿಯಾರ ಇವರ ಕೈಗಿಟ್ಟು, ಹೊಸಬರು ಬರುವ ತನಕ ನೋಡಿಕೊಂಡಿರು ಎಂದರಂತೆ. ಹನ್ನೊಂದು ವರ್ಷವಾಯಿತು. ಹೊಸಬರು ಬಂದಿಲ್ಲ.

"ಮೈ ಗಟ್ಟಿ ಅಂದ್ರ ಏನ್ರಿ?" ಎಂದು ಕೇಳುತ್ತಾರೆ ಖತೀಜಾಬಿ, ಕೇಳಿ ತಾವೇ ಹೇಳುತ್ತಾರೆ. "ಪ್ಯಾಟಿಯೊಳಗ ಕ್ವಿಂಟಲ್ ಚೀಲಾ ಎತ್ತವ ಗಟ್ಟಿ ಅಂತೀವಿ. ಅವನ್ನ ಗುಡ್ಡದ ಮ್ಯಾಲಿನ ಕಾಲಕಾಲೇಶ್ವರನ ಗುಡಿ ಪಾವಟಿಗಿ ಹತ್ತಸ್ರಿ, ಅರ್ಧಕ್ಕ ಕುಂದರ್ತಾನ. ಎಪ್ಪತ್ತರ ಮುದುಕಿ ಸರಸರ ಏರ್ತಾಳ. ಇಬ್ರೂ ಗಟ್ಟಿನ. ಆದ್ರ ಆ ಗಟ್ಟಿ ಬ್ಯಾರೆ, ಈ ಗಟ್ಟಿ ಬ್ಯಾರೆ. ಮೈ ಒಂದ ಕಂಡ್ರೂ ಒಳಗ ಐದು ಜೀವ ಅದಾವು."

ಆ ಐದಕ್ಕೂ ಅವರು ಊರ ಮಾತಿನ ಹೆಸರಿಟ್ಟಿದ್ದಾರೆ. ದಮ್ಮು, ಕಸುವು, ತಾಳಿಕೆ, ಬಾಗು, ಹದ. ದಮ್ಮು ಎದೆಗೂಡಿನದು, ಉಸಿರು ಮತ್ತು ಗುಂಡಿಗೆ ಎಷ್ಟು ಹೊತ್ತು ಮೈಗೆ ಸಾಥ್ ಕೊಡುತ್ತವೆ ಎಂಬುದು. ಅದಕ್ಕೆ ವರಾಂಡದ ಒಂದಡಿ ಎತ್ತರದ ಮೆಟ್ಟಿಲಿದೆ. ಚಾಚಿಯ ಚಪ್ಪಾಳೆಯ ತಾಳಕ್ಕೆ ಮೂರು ನಿಮಿಷ ಹತ್ತಿ ಇಳಿಯಬೇಕು. ಕೂತ ಕೂಡಲೇ ಮಣಿಕಟ್ಟಿಗೆ ಅವರ ಎರಡು ಬೆರಳು ಬೀಳುತ್ತವೆ, ಒಂದು ನಿಮಿಷ ನಾಡಿ ಎಣಿಸುತ್ತಾರೆ. ರಾಜೂರಿನ ಆಸಿಫಾಳದು ಜೂನಿನಲ್ಲಿ ನೂರಾ ಇಪ್ಪತ್ತೆಂಟಿತ್ತು, ಈಗ ತೊಂಬತ್ತಾರು. "ಗುಂಡಿಗಿ ಈಗ ಅವಸರ ಮಾಡೂದು ಬಿಟ್ಟೈತಿ, ನೋಡ್ರಿ," ಎಂದು ವಹಿ ತೋರಿಸುವಾಗ ಅವರ ದನಿಯಲ್ಲಿ ಹಿಗ್ಗು ತುಳುಕುತ್ತದೆ.

ಕಸುವೆಂದರೆ ಒಂದೇ ಸಲಕ್ಕೆ ಹಾಕುವ ಬಲ. ನಾಲ್ಕು ಕಿಲೋ ಗುಂಡು ಎಸೆದಲ್ಲಿಗೆ ಟೇಪು ಹಿಡಿಯುತ್ತಾರೆ. ತಾಳಿಕೆಯೆಂದರೆ ಅದೇ ಬಲವನ್ನು ಮತ್ತೆ ಮತ್ತೆ ಹಾಕುವುದು. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ, ಒಂದು ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆಂದು ಪಾದ ಹಿಡಿದ ಗೆಳತಿ ಎಣಿಸುತ್ತಾಳೆ. ಬಾಗಿಗೆ ಬಡಿಗ ಅಲ್ಲಾವುದ್ದೀನ ಮಾಡಿಕೊಟ್ಟ ಕಟ್ಟಿಗೆಯ ಪೆಟ್ಟಿಗೆಯಿದೆ. ಕಾಲು ಚಾಚಿ ಅಂಗಾಲನ್ನು ಪೆಟ್ಟಿಗೆಗೆ ಒತ್ತಿ, ಮೇಲಿನ ಅಳತೆಪಟ್ಟಿಯ ಮೇಲೆ ಬೆರಳನ್ನು ಮುಂದಕ್ಕೆ ಸರಿಸಬೇಕು. ಮೊಣಕಾಲು ಎದ್ದರೆ ಚಾಚಿಯ ಕೈ ಮೆಲ್ಲಗೆ ಅದರ ಮೇಲೆ ಕೂರುತ್ತದೆ.

ಹದದ ಪರೀಕ್ಷೆ ಎಲ್ಲಕ್ಕಿಂತ ಚೆಂದ. ಒಂದು ದಾರದಿಂದ ಹುಡುಗಿಯ ಎತ್ತರ ಅಳೆಯುತ್ತಾರೆ, ದಾರವನ್ನು ಸರಿಯಾಗಿ ಅರ್ಧಕ್ಕೆ ಮಡಚುತ್ತಾರೆ, ಆ ಅರ್ಧ ಸೊಂಟದ ಸುತ್ತ ಬರಬೇಕು. ಬಂದರೆ ಹದ ಸರಿಯಿದೆ. "ತೂಕದ ಕಾಟಾ ಮ್ಯಾಲ ನಿಂತು ಅಳಬ್ಯಾಡ್ರಿ ಅಂತೀನಿ. ಕಾಟಾಕ್ಕ ಎಲವು ಯಾವುದು, ಬೊಜ್ಜು ಯಾವುದು ಗೊತ್ತಿಲ್ಲ," ಎನ್ನುತ್ತಾರೆ. ಇವಲ್ಲದೆ ಒಂಟಿಗಾಲಲ್ಲಿ ನಿಲ್ಲಿಸಿ ಮೈಯ ತೋಲ ನೋಡುವುದು, ಹತ್ತು ಮೀಟರ್ ಆಚೆಯ ಎರಡು ಕಟ್ಟಿಗೆ ತುಂಡುಗಳನ್ನು ಒಂದೊಂದಾಗಿ ಓಡಿ ತರಿಸಿ ಚುರುಕು ನೋಡುವುದು, ಬೆರಳ ಸಂದಿಯಿಂದ ಪಟ್ಟಿ ಬಿಟ್ಟು ಎಷ್ಟು ಬೇಗ ಹಿಡಿಯುತ್ತಾರೆಂದು ನೋಡುವುದು. ದೇವರು ಕೊಟ್ಟ ಮೈಯನ್ನು ಇಷ್ಟು ಮರ್ಯಾದೆಯಿಂದ ವಿಚಾರಿಸುವುದೂ ಒಂದು ಬಗೆಯ ಪೂಜೆಯೇ ಇರಬೇಕು.

ಮಂದಿಯ ಕೊಂಕುಮಾತು ಕೇಳದ ದಿನಗಳಿರಲಿಲ್ಲ. ಮುಸಲರ ಹೆಣ್ಣುಮಗಳು ಊರ ಹುಡುಗಿಯರನ್ನು ಪ್ಯಾಂಟು ಹಾಕಿಸಿ ಓಡಿಸುತ್ತಾಳೆಂದು ಆ ಕಡೆಯವರೂ ಅಂದರು, ಈ ಕಡೆಯವರೂ ಅಂದರು. "ಇಬ್ರೂ ಕೂಡಿ ಒಂದ ಮಾತಾಡಿದ್ದು ಅದೊಂದ ಸಲ ನೋಡ್ರಿ," ಎಂದು ಅವರು ನಗುತ್ತಾರೆ. ಐದು ವರ್ಷದ ಹಿಂದೆ ಮೈದಾನದ ಅರ್ಧಕ್ಕೆ ಹೊಸ ಕಟ್ಟಡ ಎದ್ದಿತು. ಇನ್ನೂರು ಮೀಟರಿನ ಸುತ್ತು ನೂರಕ್ಕೆ ಇಳಿಯಿತು. ಮೊದಲು ಎರಡು ಸುತ್ತು ಓಡಿದರೆ ಆಗುತ್ತಿತ್ತು, ಎಣಿಸುವ ಮಾತೇ ಇರಲಿಲ್ಲ. ಅಲ್ಲಿಂದೀಚೆಗೆ ನಾಲ್ಕು ಸುತ್ತು ಎಣಿಸಬೇಕಾಯಿತು.

ಶೈಲಶ್ರೀ ಹೋದ ಸ್ವಲ್ಪ ಹೊತ್ತಿಗೆ ಬಸವಪ್ರಸಾದ ಬರುತ್ತಾನೆ. ಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ತರುಣ, ಈ ವಾರದಿಂದ ಬೆಳಗಿನ ಓಟಕ್ಕೆ ಈ ಮೈದಾನ ಹಿಡಿದಿದ್ದಾನೆ. ಹುಡುಗಿಯರ ಹಿಂದೆಯೇ ಗೆರೆಯ ಹೊರಗೆ ಅವನೂ ಓಡಿದ್ದ. ಅವನ ಕೈಗಡಿಯಾರ ಓಡಿದ ದೂರವನ್ನು ತೋರಿಸುತ್ತದೆ.

"ಚಾಚಿ, ನಾಕನೂರ ಅಂದ್ರಿ. ಇದು ಐನೂರು ಚಿಲ್ಲರ ತೋರಸ್ತೈತಲ್ರಿ."

"ನೀ ಹೊರಗ ಓಡಿದಿ, ಅದಕ್ಕ."

"ಹೊರಗ ಓಡಿದ್ರ ಹತ್ತು ಹದಿನೈದ ಹೆಚ್ಚ ಬರಬೇಕ್ರಿ. ನೂರ ಎಲ್ಲಿಂದ ಬರ್ತೈತಿ?"

"ನಿನ್ನ ಗಡಿಯಾರಕ್ಕ ಗುಡ್ಡದ ಗಾಳಿ ಹೊಕ್ಕಿರಬೇಕು," ಎಂದರೂ ಖತೀಜಾಬಿ ಟೇಪು ಬಿಚ್ಚುತ್ತಾರೆ. ಅಳತೆಯ ಮೇಲೆ ಸಂಶಯ ಬಂದರೆ ಅಳೆದೇ ತೀರಬೇಕು. ಎರಡು ಸಲ ಟೇಪು ಹಿಡಿದರೆ ಸುತ್ತು ಮುಗಿಯುತ್ತದೆ. ಸರಿಯಾಗಿ ನೂರು. ಅವರ ಮುಖದಲ್ಲಿ ಗೆಲುವು ಮೂಡುತ್ತದೆ.

ಆಸಿಫಾ ನಡುವೆ ಬಾಯಿ ಹಾಕುತ್ತಾಳೆ. "ನೂರು ಎಲ್ಲಿಂದ ಚಾಚಿ? ಸುತ್ತು ಎಂಬತ್ತ ಅಲ್ಲೇನು? ಐದು ಸುತ್ತ ಓಡತೀವಿ, ಐದೆಂಟ್ಲೆ ನಲವತ್ತು, ಅಂದ್ರ ನಾಕನೂರ."

"ಐದು ಎಲ್ಲಿ ಓಡತೀರಿ? ನಾಕ."

"ಐದ ಚಾಚಿ. ದಿನಾ ಐದ."

ಐದು ವರ್ಷ ಹುಡುಗಿಯರು ಸುತ್ತು ಎಂಬತ್ತೆಂದು ತಿಳಿದಿದ್ದರು. ಚಾಚಿ ನೂರೆಂದು ಅಳೆದಿದ್ದರು. ಯಾರೂ ಯಾರನ್ನೂ ಕೇಳಿರಲಿಲ್ಲ.

"ಎಣಿಸಿ ತೋರಸ್ರಿ," ಎನ್ನುತ್ತಾನೆ ಬಸವಪ್ರಸಾದ. ಅವನೇ ಓಡುತ್ತಾನೆ. ಖತೀಜಾಬಿ ಈ ಸಲ ತುಟಿಯಲ್ಲಲ್ಲ, ಬಾಯಿಬಿಟ್ಟು ಎಣಿಸುತ್ತಾರೆ. ಮೊದಲ ಸುತ್ತು ಮುಗಿದಾಗ, "ಲಾಭಾ." ಎರಡನೆಯದಕ್ಕೆ, "ಒಂದು." ಮೂರನೆಯದಕ್ಕೆ "ಎರಡು" ಎನ್ನಲು ಹೋದ ಬಾಯಿ ಅಲ್ಲೇ ನಿಲ್ಲುತ್ತದೆ. ಗಡಿಯಾರ ಹಿಡಿದ ಕೈ ಕೆಳಗಿಳಿಯುತ್ತದೆ.

ಖತೀಜಾಬಿಯ ತಂದೆ ಜಂಗ್ಲಿಸಾಬ ರಾಜೂರಿನ ಕಣಗಳಲ್ಲಿ ಜೋಳ ಅಳೆಯುತ್ತಿದ್ದವರು. ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವುದು ಈ ಸೀಮೆಯ ವಾಡಿಕೆ. ಜಂಗ್ಲಿಸಾಬರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಲಾಭದ ಅಳತೆಯನ್ನು ಫಕೀರರಿಗೆ, ಜಂಗಮರಿಗೆ ಎಂದು ಬೇರೆ ಗುಡ್ಡೆ ಹಾಕಿ, ಆಮೇಲೆ ಒಂದು ಎಂದು ಶುರು ಮಾಡುತ್ತಿದ್ದರು. ದೇವರ ಪಾಲು ಲೆಕ್ಕಕ್ಕಿಲ್ಲ. ಮಗಳು ಕಣದ ಮಗ್ಗುಲಲ್ಲಿ ಆಡುತ್ತ ಕಲಿತ ಎಣಿಕೆ ಅದು. ರಾಶಿಯನ್ನು ಹಾಗೆ ಎಣಿಸಿದಂತೆ ಸುತ್ತನ್ನೂ ಎಣಿಸಿದ್ದರು, ತಮಗೇ ಗೊತ್ತಿಲ್ಲದೆ.

"ಅಂದ್ರ ಶೈಲಾ ಓಡಿದ್ದು ಐನೂರು," ಎನ್ನುತ್ತಾಳೆ ಆಸಿಫಾ. ಬಸವಪ್ರಸಾದ ಆಗಲೇ ಫೋನಿನಲ್ಲಿ ಭಾಗಿಸಿದ್ದಾನೆ. ಐನೂರಕ್ಕೆ ನೂರಾ ಮೂವತ್ತೆರಡು ಸೆಕೆಂಡು. ನಾಲ್ಕುನೂರಕ್ಕೆ ಒಂದು ನಿಮಿಷ ನಲವತ್ತಾರು.

ಹುಡುಗಿಯರ ಕೂಗಿಗೆ ಬೇಲಿಯ ಮೇಲಿನ ಗುಬ್ಬಿಗಳು ಏಳುತ್ತವೆ. ಇಲ್ಲಿ ಕೆಂಪಕ್ಷರ ಬಿದ್ದವರು ಗದಗಿಗೆ ಹೋಗಿ ಹ್ಯಾಗೆ ಗೆಲ್ಲುತ್ತಾರೆಂದು ಊರೆಲ್ಲ ಬೆರಗಾಗುತ್ತಿತ್ತು, ಕಾಲಕಾಲೇಶ್ವರನ ಕೃಪೆ ಎನ್ನುತ್ತಿತ್ತು. ಕೃಪೆ ಈ ದಾರಿಯಿಂದಲೂ ಬರುತ್ತದೆಂದು ಯಾರಿಗೆ ಗೊತ್ತಿತ್ತು. ಖತೀಜಾಬಿ ಮಾತ್ರ ನಗುವುದಿಲ್ಲ. ಟೇಪು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆಗೆ ಓಡುತ್ತಾರೆ. ಇಪ್ಪತ್ತಾರು ವರ್ಷ ಮೈದಾನದಲ್ಲಿದ್ದೂ ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಲಕ್ಕಲಕಟ್ಟಿಯ ಬಸ್ಸು ಆಗಲೇ ಹೋಗಿದೆ. ಹಿಂದಿನಿಂದ ಬಸವಪ್ರಸಾದನ ಬೈಕು ಬಂದು ನಿಲ್ಲುತ್ತದೆ.

"ಕುಂದರ್ರಿ ಚಾಚಿ."

"ಲಗೂ ಹೊಡಿ. ಆದ್ರ ಬೀಳಸಬ್ಯಾಡ."

ಲಕ್ಕಲಕಟ್ಟಿಯಲ್ಲಿ ಶೈಲಶ್ರೀ ಆಗಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಅತ್ತೆ ಹೊನ್ನವ್ವ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಾರೆ. ಖತೀಜಾಬಿ ಏದುಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದರೂ ಶೈಲಶ್ರೀ ತಿರುಗಿ ನೋಡುವುದಿಲ್ಲ.

"ನನ್ನ ಸಮಾಧಾನಕ್ಕ ಒಂದ ಸುತ್ತ ಕಡಿಮಿ ಮಾಡಾಕ ಬಂದೀರೇನು ಚಾಚಿ?"

ಆ ಮಾತು ನಾಟುತ್ತದೆ. ಹನ್ನೊಂದು ವರ್ಷ ಮುಲಾಜಿಲ್ಲದೆ ಅಳೆದ ಕೈಗೆ ಈಗ ಮುಲಾಜಿನ ಆರೋಪ. "ಕಡಿಮಿ ಮಾಡಾಕ ಬಂದಿಲ್ಲವ್ವಾ," ಎನ್ನುತ್ತಾರೆ ಖತೀಜಾಬಿ. "ನಿನ್ನ ಕಡಿಂದ ಹೆಚ್ಚ ತಗೊಂಡಿದ್ದು ಹೇಳಾಕ ಬಂದೀನಿ. ನನ್ನ ಮಾತು ನಂಬಬ್ಯಾಡ. ರಸ್ತೆಕ್ಕ ಬಾ, ನಿನ್ನ ಕಣ್ಣ ಮುಂದ ಅಳೀತೀನಿ."

ಹೊನ್ನವ್ವ ಮೊರ ಕೆಳಗಿಟ್ಟು ಏಳುತ್ತಾರೆ. "ಟೇಪಿನ ಒಂದ ತುದಿ ನನಗ ಕೊಡ್ರಿ. ಹೊರಗಿನವ್ರು ಹಿಡದ್ರ ಇಕಿ ನಂಬಂಗಿಲ್ಲ."

ಶೈಲಶ್ರೀಯೂ ಒಲೆ ಬಿಟ್ಟು ಹಿಂದೆ ಬರುತ್ತಾಳೆ. ಬಸ್ಸು ನಿಲ್ಲುವ ಕಟ್ಟೆಯಿಂದ ಅಳತೆ ಶುರುವಾಗುತ್ತದೆ. ಐವತ್ತು ಮೀಟರಿನ ಟೇಪು ಎಂಟು ಸಲ ಬೀಳಬೇಕು. ಮೊದಲ ಸಲ ಟೇಪು ಬಿಗಿಯಾದ ಕೂಡಲೇ ಹೊನ್ನವ್ವ ಗಟ್ಟಿಯಾಗಿ, "ಲಾಭಾ," ಎನ್ನುತ್ತಾರೆ.

ಖತೀಜಾಬಿ ಟೇಪು ಬಿಟ್ಟು ಅಲ್ಲೇ ಕುಕ್ಕರಿಸುತ್ತಾರೆ. "ಅಲ್ಲಿ ತಪ್ಪಿದ್ದು ಅದರಾಗನ ಯಕ್ಕಾ."

"ಅದರಾಗ ಏನ ತಪ್ಪು? ನಮ್ಮ ಕಣದಾಗ ಲಾಭಾ ಅಂದ್ರ ಒಂದ. ಅದರ ಮ್ಯಾಲ ಎರಡು."

"ನಮ್ಮಪ್ಪ ಲಾಭಾ ಬ್ಯಾರೆ ತಗದಿಟ್ಟು ಒಂದು ಅಂತಿದ್ದಾ. ಫಕೀರರ ಪಾಲು ಅಂತ."

ಹೊನ್ನವ್ವ ಟೇಪನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. "ನಿಮ್ಮಪ್ಪ ಧರ್ಮವಂತ ಇದ್ದಾನು ಬಿಡ್ರಿ. ಆದ್ರ ಆ ಧರ್ಮಾ ನೀವು ನನ್ನ ಸೊಸಿ ಕಾಲಿಲೆ ಮಾಡ್ಸೀರಿ."

ಒಲೆಯ ಬೂದಿ ಮೆತ್ತಿದ ಮುಖದಲ್ಲಿ ಶೈಲಶ್ರೀಗೆ ಆಗ ಮೊದಲ ಸಲ ನಗು ಬರುತ್ತದೆ. ಟೇಪು ಮತ್ತೆ ಕಟ್ಟೆಗೆ ಬರುತ್ತದೆ. ಈ ಸಲ ಒಂದರಿಂದ. ಎಂಟನೆಯ ಅಳತೆ ಹಿಟ್ಟಿನ ಗಿರಣಿಯ ಬಾಗಿಲಿಗೆ ಮುಗಿಯುತ್ತದೆ. ಎದುರಿಗೆ ಬಂದ ಟ್ರ್ಯಾಕ್ಟರ್ ಎಂಜಿನ್ ಬಂದ್ ಮಾಡಿ ನಿಲ್ಲುತ್ತದೆ. ಗಿರಣಿಯ ಮುಂದೆ ಜೋಳದ ಪುಟ್ಟಿ ಹಿಡಿದು ನಿಂತವರು ಸಾಲು ಬಿಟ್ಟು ಬದಿಗೆ ಸರಿಯುತ್ತಾರೆ. ಸೀಟಿ ಗಿರಣಿಯ ಬಾಗಿಲಲ್ಲಿ ನಿಂತ ಖತೀಜಾಬಿಯ ಬಾಯಲ್ಲಿದೆ, ಗಡಿಯಾರವೂ ಅವರ ಕೈಯಲ್ಲೇ. ಬಸವಪ್ರಸಾದ ಕಟ್ಟೆಯ ಬಳಿ ಕೈ ಎತ್ತಿ ಇಳಿಸುತ್ತಾನೆ.

ಶೈಲಶ್ರೀ ಬರುತ್ತಾಳೆ. ಬೆಳಿಗ್ಗೆ ಒಂದು ಸಲ ದಣಿದ ಕಾಲು, ಡಾಂಬರು ಕಿತ್ತ ರಸ್ತೆ, ನಡುವೆ ದಾಟಿದ ಒಂದು ನಾಯಿ. ಮುನ್ನೂರು ಮೀಟರಿನಲ್ಲಿ ಭುಜ ಬಿಗಿಯುತ್ತದೆ. "ಕೈ ಸಡಲ ಬಿಡು," ಎಂದು ಖತೀಜಾಬಿ ಕೂಗುತ್ತಾರೆ, ಬಿಡುತ್ತಾಳೆ. ಗಿರಣಿಯ ಬಾಗಿಲು ದಾಟಿ ಗೋಡೆಗೆ ಕೈ ಹಚ್ಚಿ ನಿಲ್ಲುತ್ತಾಳೆ.

ಒಂದು ನಿಮಿಷ ನಲವತ್ತೇಳು.

ಗಡಿಯಾರವನ್ನು ಅವಳು ತಾನೇ ತೆಗೆದುಕೊಂಡು ನೋಡುತ್ತಾಳೆ. ಉಸಿರು ಇನ್ನೂ ಕೂಡಿಕೊಂಡಿಲ್ಲ. "ಚಾಚಿ, ಇನ್ನೊಮ್ಮಿ ಅಳೀರಿ," ಎನ್ನುತ್ತಾಳೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗಿರಣಿಯಿಂದ ಕಟ್ಟೆಯವರೆಗೆ ಟೇಪು ಮತ್ತೆ ನಡೆಯುತ್ತದೆ, ಈ ಸಲ ಒಂದು ತುದಿ ಶೈಲಶ್ರೀಯ ಕೈಯಲ್ಲೇ. ಎಂಟು. ಅವಳು ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಳ್ಳುತ್ತಾಳೆ. ಹೊನ್ನವ್ವ ಬೆನ್ನಿಗೆ ಕೈಯಿಟ್ಟು, "ಏಳ, ರೊಟ್ಟಿ ಸೀದು ಹೋಗಿರಬೇಕು," ಎನ್ನುತ್ತಾರೆ. ಆದರೆ ಕೈ ತೆಗೆಯುವುದಿಲ್ಲ.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಖತೀಜಾಬಿ ಕಾಲೇಜಿನ ಏಳನೆಯ ಕೋಣೆ ಗುಡಿಸುತ್ತಿರುವಾಗ ಫೋನು ಬರುತ್ತದೆ. ಗದಗಿನ ಗದ್ದಲದ ನಡುವೆ ಶೈಲಶ್ರೀಯ ದನಿ. ನೆಗೆತ ಆಯಿತು, ಗುಂಡು ಆಯಿತು, ಓಟ ಒಂದು ನಿಮಿಷ ನಲವತ್ನಾಲ್ಕು. ಖತೀಜಾಬಿ ಪೊರಕೆಯನ್ನು ಬೆಂಚಿಗೆ ಆನಿಸಿ, ಮಕ್ಕಾದ ದಿಕ್ಕಿಗೆ ಒಮ್ಮೆ, ಗುಡ್ಡದ ದಿಕ್ಕಿಗೆ ಒಮ್ಮೆ ನೋಡುತ್ತಾರೆ. ಆಮೇಲೆ ಕೇಳುವುದು ಇಷ್ಟೇ: "ಮುಗದ ಮ್ಯಾಲ ನಾಡಿ ಎಣಿಸಿಕೊಂಡಿಲ್ಲೊ?"

ಸಂಜೆ ಅವರು ವಹಿ ಬಿಚ್ಚಿ ಕೂರುತ್ತಾರೆ. ಕಟ್ಟಡ ಎದ್ದ ಈ ಐದು ವರ್ಷದಲ್ಲಿ ಓಟಕ್ಕೆ ಕೆಂಪಕ್ಷರ ಬಿದ್ದ ಹದಿನಾಲ್ಕು ಹೆಸರುಗಳಿವೆ. ಐನೂರರ ಹೊತ್ತನ್ನು ನಾಲ್ಕುನೂರಕ್ಕೆ ಇಳಿಸಿ ಒಂದೊಂದಾಗಿ ನೋಡುತ್ತಾರೆ. ಒಂಬತ್ತು ಮಂದಿ ಕೆಂಪಕ್ಷರ ಬಿದ್ದರೂ ಗದಗಿಗೆ ಹೋಗಿ ಗೆದ್ದವರು, ಶೈಲಶ್ರೀ ಸೇರಿ. ಐವರು ಅಲ್ಲೇ ನಿಂತುಬಿಟ್ಟವರು. ಅವರಲ್ಲಿ ಇಬ್ಬರ ಹೊತ್ತು ಹ್ಯಾಗೆ ಎಣಿಸಿದರೂ ಎರಡು ನಿಮಿಷ ದಾಟುತ್ತದೆ, ಅದನ್ನು ಅವರು ಹಾಗೆಯೇ ಬಿಡುತ್ತಾರೆ. ಉಳಿದ ಮೂವರ ಹೆಸರಿನ ಮುಂದಿನ ಮಾತನ್ನು ಹೊಡೆದುಹಾಕಿ ಸಣ್ಣಗೆ ಸಹಿ ಮಾಡುತ್ತಾರೆ. ಅವರಲ್ಲೊಬ್ಬಳು ಪೂಜಾ. ಈಗ ಯಾವಗಲ್ಲಿನಲ್ಲಿದ್ದಾಳೆ, ಎರಡು ಮಕ್ಕಳ ತಾಯಿ, ವಯಸ್ಸಿನ ಮಿತಿ ಮುಗಿದು ಮೂರು ವರ್ಷವಾಗಿದೆ.

ಶನಿವಾರಕ್ಕೆ ಖತೀಜಾಬಿ ರಜೆಯ ಅರ್ಜಿ ಕೊಟ್ಟಿದ್ದಾರೆ. ರೋಣಕ್ಕೆ ಹೋಗಿ ಅಲ್ಲಿಂದ ಯಾವಗಲ್ಲಿನ ಬಸ್ಸು ಹಿಡಿಯಬೇಕು. ಈಗ ಹೇಳಿ ಏನು ಬಂತು, ಒಂದು ಫೋನು ಮಾಡಿದರೆ ಆಗದೇ ಎಂದು ಜೊತೆಯ ಕೆಲಸದ ನಿರ್ಮಲಾ ಕೇಳುತ್ತಾರೆ. ಖತೀಜಾಬಿ ವಹಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಡುತ್ತಾರೆ.

"ಆಕಿಗೆ ನೌಕರಿ ಕೊಡಸಾಕ ನನ್ನ ಕೈಲೆ ಆಗಂಗಿಲ್ಲ ನಿರ್ಮಲಾ. ಸಾಲದು ಅಂತ ಆಕಿ ಮುಂದ ನಿಂತು ಬರದಾಕಿ ನಾನು. ಆವತ್ತ ನೀ ಪಾಸಾಗಿದ್ದಿ ಅಂತ ಬ್ಯಾರೆಯವ್ರು ಹೇಳಿದ್ರ ಅದು ಸುದ್ದಿ ಅಷ್ಟ. ನಾ ಹೋಗಿ ಹೇಳಿದ್ರ ಅದು ರಿಜಲ್ಟು."